ಕೀಲೆಣ್ಣೆಯಿಂದ ಕೂಲಂಟ್‌ವರೆಗೆ: ಮಾಗಿಗೆ ಗಾಡಿ ಕಟ್ಟಿದ ಕತೆ

ಹೋದ ಮಾಗಿಯಲ್ಲಿ, ಅಮಾವಾಸ್ಯೆಯ ಮಾರನೇ ದಿನ, ಮಾದಪ್ಪನ ಬೆಟ್ಟದಿಂದ ಊರಿಗೆ ವಾಪಸ್ ಬರುತ್ತಿದ್ದೆ. ಜನಸಂದಣಿಯ ಸುದ್ದಿ ಬರೆಯಲು ಹೋದವನು ರಾತ್ರಿ ಅಲ್ಲೇ ಉಳಿದಿದ್ದೆ. ಬೆಳಗ್ಗೆ ಎದ್ದರೆ ಬೆಟ್ಟವೇ ಕಾಣದಷ್ಟು ಮಂಜು.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಹೊರಡುವ ಮುಂಚೆ ಫೋನಿನಲ್ಲಿ 'ಚಳಿಗಾಲಕ್ಕೆ ಕಾರು ಹೇಗೆ ಸಿದ್ಧಮಾಡಬೇಕು' ಅಂತ ಹುಡುಕಿ ಓದಿಕೊಂಡಿದ್ದೆ. ಕೂಲಂಟ್ ನೋಡಿದ್ದೆ, ಬ್ಯಾಟರಿ ನೋಡಿದ್ದೆ, ಟೈರಿಗೆ ಗಾಳಿ ಹೊಡೆಸಿದ್ದೆ, ವೈಪರ್ ರಬ್ಬರ್ ಹೊಸದು ಹಾಕಿಸಿದ್ದೆ. ಘಟ್ಟವನ್ನು ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿದೆ. ತಾಳುಬೆಟ್ಟ, ಕೌದಳ್ಳಿ, ರಾಮಾಪುರ, ಅಜ್ಜೀಪುರ ದಾಟಿದೆ. ಹನೂರಿಗೆ ಬರುವ ಹೊತ್ತಿಗೆ ಬಿಸಿಲು ಬಂದಿತ್ತು. ಇನ್ನೇನು, ಗೆದ್ದೆ ಅಂದುಕೊಂಡೆ.

ಶಾಗ್ಯ ಇನ್ನೂ ಸ್ವಲ್ಪ ದೂರ ಇರುವಾಗ ಟಾರ್ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಒಂದು ಕಣ ದಾಟಿದೆ, ಎರಡು ದಾಟಿದೆ. ಮೂರನೆಯದು ದಾಟುವಾಗ ಸೊಪ್ಪೆ ಕಾರಿನ ಹೊಟ್ಟೆಗೆ ಉಜ್ಜುವ ಸದ್ದು ಜೋರಾಯಿತು. ರಸ್ತೆ ಬದಿಯಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೈ ಬೀಸುತ್ತಾ ಓಡಿ ಬಂದರು. "ಹೊಗ ಬತ್ತಾ ಅದ ಕಣಪ್ಪ, ನಿಲ್ಸು ನಿಲ್ಸು!"

ಇಳಿದು ಬಗ್ಗಿ ನೋಡಿದೆ. ಮುಂದಿನ ಚಕ್ರದ ಅಚ್ಚಿಗೆ ಹುರುಳಿ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಸೈಲೆನ್ಸರ್ ಪೈಪಿಗೆ ತಗುಲಿದ್ದ ಸೊಪ್ಪೆ ಸಣ್ಣಗೆ ಹೊಗೆಯಾಡುತ್ತಿತ್ತು. ಆ ಅಕ್ಕನೇ ಮನೆಯಿಂದ ಎರಡು ಕೊಡ ನೀರು ತಂದರು, ಕುಡುಗೋಲು ತಂದರು. ನೀರು ಹೊಯ್ದು, ಬಳ್ಳಿ ಕೊಯ್ದು ತೆಗೆಯಲು ಅರ್ಧ ಗಂಟೆ ಹಿಡಿಯಿತು.

ನನಗೆ ಸಿಟ್ಟು ಬಂದಿತ್ತು. "ರಸ್ತೆ ಮೇಲೆ ಹಿಂಗೆ ಹಾಕಿದ್ರೆ ಹೆಂಗಕ್ಕ?" ಅಂದೆ.

"ಏನ್ ಮಾಡದಪ್ಪ, ಕಣ ಅನ್ನದು ಎಲ್ಲದ ನಮ್ಗ? ಎತ್ತೂ ಇಲ್ಲ, ಗುಂಡೂ ಇಲ್ಲ. ರಸ್ತನೇ ಕಣ" ಅಂದರು.

ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ನಾನು ಓದಿಕೊಂಡು ಹೋಗಿದ್ದ ಪಟ್ಟಿಯಲ್ಲಿ ಹುರುಳಿಯ ಹೆಸರೇ ಇರಲಿಲ್ಲ. ಅದರಲ್ಲಿ ಇದ್ದದ್ದು ಹಿಮ, ಚಕ್ರಕ್ಕೆ ಕಟ್ಟುವ ಸರಪಳಿ, ಮಂಜುಗಡ್ಡೆ ಕೆರೆಯುವ ಸಲಾಕೆ. ಆ ಪಟ್ಟಿ ಬರೆದವರ ಚಳಿಗಾಲವೇ ಬೇರೆ, ನಮ್ಮ ಮಾಗಿಯೇ ಬೇರೆ. ಹಾಗಾದರೆ ನಮ್ಮ ಕಡೆ ಚಳಿಗಾಲಕ್ಕೆ ಗಾಡಿ ಸಿದ್ಧ ಮಾಡುವ ಪದ್ಧತಿ ಇರಲೇ ಇಲ್ಲವೇ? ಇತ್ತು. ಅದರ ಕತೆಯೇ ಇದು.

ಗೊಟ್ಟದಲ್ಲಿದ್ದ ಎಣ್ಣೆ

ಮೋಟಾರು ಬರುವುದಕ್ಕೆ ಮುಂಚೆ ಗಾಡಿ ಎಂದರೆ ಎತ್ತಿನ ಗಾಡಿ. ರಾಗಿ ಕೊಯ್ಲು, ಒಕ್ಕಣೆ, ಜಾತ್ರೆ, ಸಂತೆ ಎಲ್ಲವೂ ಕಾರ್ತಿಕದಿಂದ ಶಿವರಾತ್ರಿಯೊಳಗೇ ಬರುತ್ತಿದ್ದವು. ವರ್ಷದಲ್ಲಿ ಗಾಡಿಗೆ ಅತಿ ಹೆಚ್ಚು ಕೆಲಸ ಬೀಳುತ್ತಿದ್ದದ್ದು ಈ ಚಳಿಯ ತಿಂಗಳುಗಳಲ್ಲೇ. ಹಾಗಾಗಿ ಸಿದ್ಧತೆಯೂ ಆಗಲೇ.

ಮೊದಲನೆಯದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಕಪ್ಪು ಮುದ್ದೆ ಅದು. ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕುತ್ತಿದ್ದರು. ಕೀಲು ತೆಗೆದು, ಗಾಲಿಯನ್ನು ಸ್ವಲ್ಪ ಹೊರಗೆಳೆದು, ಅಚ್ಚಿಗೆ ಬಳಿಯುತ್ತಿದ್ದರು. ಚಳಿಗೆ ಕೀಲೆಣ್ಣೆ ಗಟ್ಟಿಯಾಗುತ್ತದೆ. ಆಗ ಗಾಲಿ ಕಿರುಗುಟ್ಟುತ್ತದೆ, ಎತ್ತಿಗೆ ಭಾರ ಹೆಚ್ಚುತ್ತದೆ. ಅದಕ್ಕೆ ಎಣ್ಣೆ ಹೆಚ್ಚು, ಕರಿ ಕಡಿಮೆ. ಈ ಲೆಕ್ಕ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೈಗೆ ಗೊತ್ತಿತ್ತು.

ಎರಡನೆಯದು ಲಾಳ. ದೂರದ ದಾರಿಗೆ ಹೊರಡುವ ಮುಂಚೆ ಎತ್ತುಗಳಿಗೆ ಲಾಳ ಹೊಡೆಸುತ್ತಿದ್ದರು. ಇಬ್ಬನಿ ಬಿದ್ದ ಕಲ್ಲಿನ ಮೇಲೆ ಸವೆದ ಲಾಳ ಜಾರುತ್ತದೆ. ಇವತ್ತು ಟೈರಿನ ಕಚ್ಚು ನೋಡುವುದಕ್ಕೂ ಅವತ್ತು ಲಾಳ ನೋಡುವುದಕ್ಕೂ ವ್ಯತ್ಯಾಸವಿಲ್ಲ.

ಮೂರನೆಯದು ಲಾಟೀನು. ಗಾಡಿಯ ಅಡಿಗೆ, ಅಚ್ಚಿನ ಹತ್ತಿರ, ಒಂದು ಲಾಟೀನು ತೂಗುತ್ತಿತ್ತು. ಅದರ ಬೆಳಕಿನಲ್ಲಿ ಗಾಡಿ ಹೊಡೆಯುವವನಿಗೆ ಕಾಣುತ್ತಿದ್ದದ್ದು ಕಡಿಮೆ. ಅವನು ಎಷ್ಟೋ ಸಲ ನಿದ್ದೆ ಮಾಡುತ್ತಿದ್ದ, ಎತ್ತುಗಳಿಗೆ ದಾರಿ ಗೊತ್ತಿತ್ತು. ಲಾಟೀನು ಇದ್ದದ್ದು ಹಿಂದಿನಿಂದ, ಎದುರಿನಿಂದ ಬರುವವರಿಗೆ ಗಾಡಿ ಕಾಣಲಿ ಎಂದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹ್ಯಾಂಡಲ್ ಮತ್ತು ಕೆಂಡ

ಮೊದಮೊದಲ ಕಾರುಗಳಿಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ಸೌಕರ್ಯ ಇರಲಿಲ್ಲ. ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಚಳಿಯಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಎಣ್ಣೆ ಗಟ್ಟಿ, ಪೆಟ್ರೋಲು ಬೇಗ ಆವಿಯಾಗುವುದಿಲ್ಲ, ಎಷ್ಟು ತಿರುಗಿಸಿದರೂ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಬ್ಯಾಟರಿ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಎಂಜಿನ್ನನ್ನು ತಿರುಗಿಸುತ್ತದೆ. ಅಲ್ಲಿಂದ ಚಳಿಗಾಲದ ಚಿಂತೆ ತೋಳಿನಿಂದ ಬ್ಯಾಟರಿಗೆ ದಾಟಿತು.

ನಮ್ಮಲ್ಲಿ ಹ್ಯಾಂಡಲ್ ಅಷ್ಟು ಬೇಗ ಹೋಗಲಿಲ್ಲ. ಅಂಬಾಸಿಡರ್ ಕಾರಿಗೂ ಹ್ಯಾಂಡಲ್ ಹಾಕಿ ತಿರುಗಿಸುವ ವ್ಯವಸ್ಥೆ ಇತ್ತು. ಮಾಗಿಯ ಬೆಳಗ್ಗೆ ಟ್ಯಾಕ್ಸಿ ಡ್ರೈವರ್ ಚೋಕ್ ಗುಂಡಿ ಎಳೆದಿಟ್ಟು, ಹ್ಯಾಂಡಲ್ ಹೊಡೆದು, ಆಮೇಲೆ ಓಡಿ ಬಂದು ಆಕ್ಸಿಲರೇಟರ್ ಒತ್ತುವುದನ್ನು ಐವತ್ತು ದಾಟಿದವರು ನೋಡಿರುತ್ತೀರಿ.

ಇದಕ್ಕಿಂತ ದೊಡ್ಡ ಪಾಡು ಎರಡನೇ ಮಹಾಯುದ್ಧದ ಕಾಲದ್ದು. ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳ ಹಿಂದೆ ದೊಡ್ಡ ಡ್ರಮ್ ಕಟ್ಟಿದರು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಗಾಳಿ ಕಡಿಮೆ ಬಿಟ್ಟರೆ ಉರಿಯುವ ಗ್ಯಾಸ್ ಹುಟ್ಟುತ್ತದೆ. ಆ ಗ್ಯಾಸನ್ನು ಸೋಸಿ ಎಂಜಿನ್‌ಗೆ ಕೊಡುತ್ತಿದ್ದರು. ಬೆಳಗಿನ ಬಸ್ಸು ಹೊರಡಬೇಕಾದರೆ ಕ್ಲೀನರ್ ಬಹಳ ಮುಂಚೆ ಎದ್ದು, ಕೆಂಡ ಮಾಡಿ, ಕೈಯಿಂದ ಫ್ಯಾನ್ ತಿರುಗಿಸಬೇಕಿತ್ತು. ಶಕ್ತಿ ಸಾಲದೆ ಏರಿನಲ್ಲಿ ಬಸ್ಸು ನಿಂತರೆ ಜನ ಇಳಿದು ತಳ್ಳುತ್ತಿದ್ದರು. ಊರಿನ ಹಿರಿಯರು 'ಇದ್ದಿಲು ಬಸ್ಸು' ಅನ್ನುವುದು ಇದನ್ನೇ.

ಆಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಘಟ್ಟ ಇಳಿಯಬೇಕಿತ್ತು. ಆ ಘಟ್ಟದಲ್ಲಿ 27 ಹೇರ್‌ಪಿನ್ ತಿರುವುಗಳಿವೆ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಮೈಸೂರಿನಲ್ಲಿ 1948ರಲ್ಲೇ ಸರ್ಕಾರಿ ಸಾರಿಗೆ ಇಲಾಖೆ ಶುರುವಾಗಿತ್ತು. 1961ರಲ್ಲಿ ಅದು ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ನಾವು ಇವತ್ತು ಕರೆಯುವ ಕೆಎಸ್‌ಆರ್‌ಟಿಸಿ ಆಯಿತು.

ಕೆಂಪು ಬಸ್ಸಿನ ಜೊತೆ ಡೀಸೆಲ್ ಎಂಜಿನ್ ಹಳ್ಳಿಗೆ ಬಂತು. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಆ ಬಿಸಿ ಸಾಲದು. ಅದಕ್ಕೇ ಜೀಪು, ಟೆಂಪೊಗಳಲ್ಲಿ ಹೀಟರ್ ಪ್ಲಗ್. ಕೀಲಿ ಅರ್ಧ ತಿರುಗಿಸಿ, ಹಳದಿ ದೀಪ ಆರುವವರೆಗೆ ಕಾದು, ಆಮೇಲೆ ಸ್ಟಾರ್ಟ್ ಮಾಡಬೇಕು. ನಮ್ಮ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಚಳಿಗೆ ಹುಳು ಮೇವು ಬಿಟ್ಟರೆ ಹುಳುಮನೆಗೆ ಕೆಂಡ ಇಟ್ಟು ಬೆಚ್ಚಗೆ ಮಾಡುತ್ತೀರಲ್ಲ, ಅದೇ ಕೆಲಸ.

ಎಣ್ಣೆ ಡಬ್ಬದ ಮೇಲಿನ 'ಡಬ್ಲ್ಯು'

ನಿಮ್ಮ ಬೈಕಿಗೆ ಹಾಕಿಸುವ ಎಂಜಿನ್ ಆಯಿಲ್ ಡಬ್ಬ ತೆಗೆದು ನೋಡಿ. 20 ಡಬ್ಲ್ಯು 40 ಎಂದೋ, 10 ಡಬ್ಲ್ಯು 30 ಎಂದೋ ಬರೆದಿರುತ್ತದೆ. ಆ 'ಡಬ್ಲ್ಯು' ಎಂದರೆ ವಿಂಟರ್, ಅಂದರೆ ಚಳಿಗಾಲ. ಹನೂರಿನ ಯಾವುದೇ ಅಂಗಡಿಯಲ್ಲಿ ಸಿಗುವ ಆಯಿಲ್ ಡಬ್ಬದ ಮೇಲೂ ಚಳಿಗಾಲದ ಲೆಕ್ಕ ಬರೆದಿದೆ, ನಾವು ಓದಿಲ್ಲ ಅಷ್ಟೇ.

ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಘವಾದ ಎಸ್‌ಎಇ 1911ರಲ್ಲಿ ಎಣ್ಣೆಗಳನ್ನು ಅವುಗಳ ಗಟ್ಟಿತನದ ಮೇಲೆ ವಿಂಗಡಿಸಲು ಶುರುಮಾಡಿತು. ಆಮೇಲೆ ಚಳಿಗಾಲದ ಅಂಕಿ ಸೇರಿತು. ಡಬ್ಲ್ಯು ಹಿಂದಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಅದು ಸಣ್ಣದಾದಷ್ಟೂ ಎಣ್ಣೆ ಚಳಿಯಲ್ಲಿ ತೆಳು. ಮುಂದಿನ ಅಂಕಿ ಎಂಜಿನ್ ಬಿಸಿಯಾದ ಮೇಲಿನ ಗಟ್ಟಿತನಕ್ಕೆ. ಗೊಟ್ಟದಲ್ಲಿ ಎಣ್ಣೆ ಹೆಚ್ಚು, ಕರಿ ಕಡಿಮೆ ಅಂದ ನಮ್ಮ ತಾತಂದಿರ ಲೆಕ್ಕವೇ ಇದು. ಅವರು ಕಲಸಿದರು, ಇವರು ಅಂಕಿ ಹಾಕಿದರು. ನಮ್ಮ ಹವೆಗೆ ಕಂಪನಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯೇ ಸಾಕು. ಅದನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು, ಅಷ್ಟೇ.

ನೀರಿನ ಕತೆಯೂ ಹೀಗೆಯೇ. ಎಂಜಿನ್ ತಂಪಾಗಿಡಲು ರೇಡಿಯೇಟರ್‌ಗೆ ನೀರು ಹಾಕುತ್ತಿದ್ದರು. ಚಳಿ ದೇಶಗಳಲ್ಲಿ ಆ ನೀರು ರಾತ್ರಿ ಮಂಜುಗಡ್ಡೆಯಾಗಿ, ಉಬ್ಬಿ, ಎಂಜಿನ್ ಬ್ಲಾಕನ್ನೇ ಸೀಳುತ್ತಿತ್ತು. ಅದಕ್ಕೆ ಸಂಜೆ ನೀರು ಪೂರಾ ಬಿಟ್ಟು, ಬೆಳಗ್ಗೆ ಬಿಸಿನೀರು ತುಂಬುತ್ತಿದ್ದರು. 1920ರ ದಶಕದ ಕೊನೆಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಮಾರುಕಟ್ಟೆಗೆ ಬಂತು. ಇದನ್ನೂ ನೀರನ್ನೂ ಸಮ ಪಾಲು ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೆ ಗಡ್ಡೆ ಕಟ್ಟುವುದಿಲ್ಲ. ನಾವು ಕೂಲಂಟ್ ಅನ್ನುವುದು ಇದಕ್ಕೇ.

ನಮ್ಮಲ್ಲಿ ನೀರು ಗಡ್ಡೆ ಕಟ್ಟುವ ಚಳಿ ಇಲ್ಲ, ಮತ್ತೆ ಕೂಲಂಟ್ ಯಾಕೆ ಎನ್ನುವವರು ಬಹಳ. ಕಾರಣ ಎರಡು. ಕೂಲಂಟ್ ಬರಿ ನೀರಿಗಿಂತ ತಡವಾಗಿ ಕುದಿಯುತ್ತದೆ, ಬೆಟ್ಟ ಹತ್ತುವಾಗ ಇದು ಬೇಕು. ಮತ್ತೆ, ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ರೇಡಿಯೇಟರ್ ಒಳಗೂ ಕಟ್ಟುತ್ತದೆ, ತುಕ್ಕೂ ಹಿಡಿಯುತ್ತದೆ. ಚಳಿಗೆಂದು ಹುಟ್ಟಿದ ದ್ರವ ನಮ್ಮಲ್ಲಿ ಏರಿಗೂ ಗಡಸು ನೀರಿಗೂ ಮದ್ದಾಗಿದೆ.

ಇನ್ನು ನಿಜವಾದ ಹಿಮದ ಕಷ್ಟ ಎಂಥದ್ದು? 1941ರ ಚಳಿಗಾಲದಲ್ಲಿ ಮಾಸ್ಕೋ ಹತ್ತಿರದವರೆಗೆ ಹೋದ ಜರ್ಮನ್ ಸೈನ್ಯ ತನ್ನ ಟ್ರಕ್ಕು, ಟ್ಯಾಂಕುಗಳ ಎಂಜಿನ್ ಕೆಳಗೆ ಬೆಂಕಿ ಹಾಕಿ ಬಿಸಿ ಮಾಡಬೇಕಾಯಿತು. ಬೇಸಿಗೆಯ ಎಣ್ಣೆಯಲ್ಲಿ ಹೋಗಿದ್ದರು. ಫಿನ್‌ಲೆಂಡ್‌ನಲ್ಲಿ 1934ರಲ್ಲೇ ಹಿಮದ ರಸ್ತೆಗೆಂದು ಟ್ರಕ್ ಟೈರ್ ಮಾಡಿದ್ದರು. ಯಾಕೆಂದರೆ ಅವರಿಗೆ ಪ್ರತಿ ವರ್ಷ ಅದೇ ಪಾಡು. ನಮ್ಮ ದೇಶದ ಲಡಾಖ್‌ನಲ್ಲಿ ಡೀಸೆಲ್ಲೇ ಮೇಣದ ಹಾಗೆ ಗಟ್ಟಿಯಾಗುತ್ತದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆಂದು ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು.

ಇಷ್ಟರಲ್ಲಿ ಒಂದು ವಿಷಯ ತಿಳಿಯುತ್ತದೆ. ಪ್ರತಿಯೊಂದು ಸೀಮೆಯೂ ತನಗೆ ಬಿದ್ದ ಪೆಟ್ಟಿನಿಂದ ತನ್ನ ಚಳಿಗಾಲದ ಪಟ್ಟಿ ಬರೆದುಕೊಂಡಿದೆ.

ಗಾಜು ಮತ್ತು ಬೆಕ್ಕಿನ ಕಣ್ಣು

ನಮ್ಮ ಪೆಟ್ಟು ಯಾವುದು? ಮೊದಲನೆಯದು ಮಂಜು.

ನಮ್ಮ ಕಡೆ ಹಿಂಗಾರು ಮಳೆ ಅಕ್ಟೋಬರ್, ನವೆಂಬರ್‌ನಲ್ಲಿ ಚೆನ್ನಾಗಿ ಬೀಳುತ್ತದೆ. ನೆಲ ತೇವ, ಕೆರೆಕಟ್ಟೆ ತುಂಬಿರುತ್ತವೆ. ಆಮೇಲೆ ಮೋಡವಿಲ್ಲದ ರಾತ್ರಿಗಳು. ನೆಲ ಬೇಗ ತಣ್ಣಗಾಗುತ್ತದೆ, ತೇವದ ಗಾಳಿ ಮಂಜಾಗುತ್ತದೆ. ಕೊಳ್ಳೇಗಾಲದ ಗದ್ದೆ ಬಯಲು, ಗುಂಡಾಲ್ ಜಲಾಶಯದ ಆಸುಪಾಸು, ಬಿಳಿಗಿರಿರಂಗನ ಬೆಟ್ಟದ ದಾರಿ, ಒಡೆಯರಪಾಳ್ಯದ ಕಡೆ, ಎಲ್ಲ ಕಡೆಯೂ ಬೆಳಗಿನ ಜಾವ ಇದೇ ಪಾಡು.

1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಎಂಬ ಹೆಂಗಸು ಗಾಜು ಒರೆಸುವ ವೈಪರ್‌ಗೆ ಪೇಟೆಂಟ್ ಪಡೆದರು. ಚಳಿಗಾಲದಲ್ಲಿ ನ್ಯೂಯಾರ್ಕ್‌ಗೆ ಹೋಗಿದ್ದಾಗ ಟ್ರಾಂ ಓಡಿಸುವವನು ದಾರಿ ಕಾಣದೆ ಗಾಜು ತೆರೆದು ಚಳಿಯಲ್ಲಿ ನಡುಗುತ್ತಿದ್ದದ್ದನ್ನು ಕಂಡು ಅವರಿಗೆ ಇದು ಹೊಳೆಯಿತು. ಆಗ ಯಾವ ಕಂಪನಿಯೂ ಅದನ್ನು ಕೊಳ್ಳಲಿಲ್ಲ. ಇವತ್ತು ವೈಪರ್ ಇಲ್ಲದ ಕಾರೇ ಇಲ್ಲ. ನಮ್ಮ ಹಳೇ ಡ್ರೈವರುಗಳು ವೈಪರ್ ಕೆಟ್ಟರೆ ಬೀಡಿ ಬಿಚ್ಚಿ ಅದರ ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ಉಜ್ಜುತ್ತಿದ್ದರು. ನೀರು ಹನಿ ನಿಲ್ಲದೆ ಹಾಳೆಯ ಹಾಗೆ ಇಳಿಯುತ್ತಿತ್ತು.

ಗಾಜು ಒಳಗಿನಿಂದ ಮಬ್ಬಾದರೆ ಒರೆಸುತ್ತಾ ಕೂರಬೇಡಿ. ಅದು ನಮ್ಮ ಉಸಿರಿನ ತೇವ. ಎ.ಸಿ. ಇದ್ದರೆ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಎ.ಸಿ. ತೇವ ಹೀರುತ್ತದೆ. ಇಲ್ಲದಿದ್ದರೆ ಎರಡೂ ಕಿಟಕಿ ಒಂದೊಂದು ಬೆರಳು ಇಳಿಸಿ.

ಎರಡನೇ ಕತೆ ಇಂಗ್ಲೆಂಡಿನದು. ಯಾರ್ಕ್‌ಷೈರ್‌ನ ಪರ್ಸಿ ಶಾ ಎಂಬಾತ ಮಂಜಿನ ರಾತ್ರಿ ಮನೆಗೆ ಬರುತ್ತಿದ್ದಾಗ ರಸ್ತೆ ಅಂಚಿನಲ್ಲಿ ಬೆಕ್ಕಿನ ಕಣ್ಣು ಹೊಳೆದು, ಬೀಳುವುದು ತಪ್ಪಿತು ಎಂಬ ಕತೆ ಇದೆ. 1934ರಲ್ಲಿ ಅವನು ರಸ್ತೆಯಲ್ಲಿ ಹೂಳುವ ಹೊಳೆಯುವ ಗಾಜಿನ ಗುಂಡಿಗಳಿಗೆ ಪೇಟೆಂಟ್ ಪಡೆದ. ಹೆಸರು 'ಬೆಕ್ಕಿನ ಕಣ್ಣು'. ನಮ್ಮ ಕಾಡಿನ ರಸ್ತೆಯಲ್ಲಿ ಜಿಂಕೆಯ ಕಣ್ಣು, ಊರ ದಾರಿಯಲ್ಲಿ ಎತ್ತಿನ ಕಣ್ಣು ಹೆಡ್‌ಲೈಟಿಗೆ ಹೊಳೆಯುವುದನ್ನು ನೀವೂ ನೋಡಿದ್ದೀರಿ. ಅದೇ ಗುಟ್ಟು ಇವತ್ತು ಗಾಡಿಗಳ ಹಿಂದೆ ಅಂಟಿಸುವ ಕೆಂಪು ರೇಡಿಯಂ ಪಟ್ಟಿಯಲ್ಲಿದೆ. ತನ್ನದೇ ಬೆಳಕಿಲ್ಲ, ಬಿದ್ದ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ.

ಈಗ ಆ ಲಾಟೀನನ್ನು ನೆನಪಿಸಿಕೊಳ್ಳಿ. ಎತ್ತಿನ ಗಾಡಿಗೆ ಲಾಟೀನು ಇತ್ತು. ಅದರ ಜಾಗಕ್ಕೆ ಬಂದ ಟ್ರ್ಯಾಕ್ಟರ್ ಟ್ರೇಲರಿಗೆ ಎಷ್ಟೋ ಕಡೆ ಹಿಂದೆ ದೀಪವೂ ಇಲ್ಲ, ಪಟ್ಟಿಯೂ ಇಲ್ಲ. ಕಬ್ಬು, ಮೇವು ತುಂಬಿದರೆ ಇದ್ದ ದೀಪವೂ ಮುಚ್ಚಿಹೋಗುತ್ತದೆ. ಸುದ್ದಿಗಾರನಾಗಿ ನಾನು ಪ್ರತಿ ಮಾಗಿಯಲ್ಲೂ ಬರೆಯುವ ಸುದ್ದಿ ಒಂದಿದೆ. 'ನಿಂತಿದ್ದ ಟ್ರ್ಯಾಕ್ಟರ್‌ಗೆ ಬೈಕ್ ಡಿಕ್ಕಿ, ಸವಾರನಿಗೆ ತೀವ್ರ ಗಾಯ.' ಹೆಸರು, ಊರು ಬದಲಾಗುತ್ತವೆ, ವಾಕ್ಯ ಬದಲಾಗುವುದಿಲ್ಲ. ಕೆಲವು ಸಲ 'ಗಾಯ' ಎಂದು ಬರೆದದ್ದನ್ನು ಸಂಜೆಗೆ ತಿದ್ದಿ ಬೇರೆ ಪದ ಬರೆಯಬೇಕಾಗುತ್ತದೆ. ಒಂದು ರೇಡಿಯಂ ಪಟ್ಟಿಯ ಖರ್ಚು ಎಷ್ಟು, ಒಂದು ಮನೆಯ ಮಗನ ಬೆಲೆ ಎಷ್ಟು?

ಇಳಿಜಾರು

ನಮ್ಮ ಎರಡನೇ ಪೆಟ್ಟು ಘಟ್ಟ. ದೀಪಾವಳಿ ಜಾತ್ರೆಗೆ ಬೆಟ್ಟಕ್ಕೆ ಹೋಗುವವರಿಗೆ ಹಿಂಗಾರಿನ ಒದ್ದೆ ರಸ್ತೆ, ಶಿವರಾತ್ರಿಗೆ ಹೋಗುವವರಿಗೆ ರಸ್ತೆ ಅಂಚಿನಲ್ಲಿ ನಡೆದು ಬರುವ ಪರಿಷೆ. ಕತ್ತಲೆಯಲ್ಲಿ, ಮಂಜಿನಲ್ಲಿ, ನಡೆಯುವವರೂ ಕಾರುಗಳೂ ಒಂದೇ ರಸ್ತೆಯಲ್ಲಿ.

ಹಳೇ ಗಾಡಿಗೆ ಇಳಿಜಾರಿನಲ್ಲಿ ಗಾಲಿಗೆ ಮರದ ತುಂಡು ಒತ್ತುವ ಬ್ರೇಕ್ ಇತ್ತು. ಗಾಡಿ ಹೊಡೆಯುವವನು ಇಳಿದು ಎತ್ತಿನ ಮುಂದೆ ನಡೆಯುತ್ತಿದ್ದ. ಇವತ್ತು ಕೆಲವರು ಎಣ್ಣೆ ಉಳಿಸಲು ಘಟ್ಟವನ್ನು ನ್ಯೂಟ್ರಲ್‌ನಲ್ಲಿ ಇಳಿಸುತ್ತಾರೆ, ಎಂಜಿನ್ನನ್ನೇ ಆರಿಸುವವರೂ ಇದ್ದಾರೆ. ಇದು ಬಹಳ ಅಪಾಯ. ಎಂಜಿನ್ ಆರಿದರೆ ಬ್ರೇಕಿಗೆ ಸಿಗುವ ಸಹಾಯ ಹೋಗಿ ಪೆಡಲ್ ಕಲ್ಲಾಗುತ್ತದೆ. ನ್ಯೂಟ್ರಲ್‌ನಲ್ಲಿ ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಡ್ರೈವರುಗಳ ಹಳೇ ಮಾತು ಇವತ್ತಿಗೂ ಸರಿ.

ಕಣ ರಸ್ತೆಗೆ ಬಂದದ್ದು

ಮೂರನೇ ಪೆಟ್ಟು ನನಗೆ ಬಿದ್ದದ್ದು. ಇದಕ್ಕೂ ಇತಿಹಾಸ ಇದೆ.

ಕಣ ಮಾಡುವುದು ಒಂದು ದೊಡ್ಡ ಕೆಲಸವಾಗಿತ್ತು. ಹೊಲದಲ್ಲಿ ಜಾಗ ಕೆತ್ತಿ, ನೀರು ಹಾಕಿ, ತುಳಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಡುತ್ತಿದ್ದರು. ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸುತ್ತಿದ್ದರು. ಅದಕ್ಕೆ ಎತ್ತು ಬೇಕು, ಸಗಣಿ ಬೇಕು, ಆಳು ಬೇಕು, ಬಿಡುವು ಬೇಕು. ಎತ್ತು ಹೋದ ಮೇಲೆ ನಾಲ್ಕೂ ಹೋದವು. ಅದೇ ಹೊತ್ತಿಗೆ ಊರೂರಿಗೂ ಟಾರ್ ರಸ್ತೆ ಬಂತು. ಚಪ್ಪಟೆ, ಗಟ್ಟಿ, ಬಿಸಿ. ಮೇಲೆ ಓಡುವ ಚಕ್ರಗಳು ಪುಕ್ಕಟೆ ಗುಂಡು. ಎರಡು ಮೂರು ಎಕರೆಯ ಹುರುಳಿಗೆ, ರಾಗಿಗೆ ಮಿಷನ್ ಬಾಡಿಗೆ ಕೊಡಲಾಗದವರು ರಸ್ತೆಗೆ ಬಂದರು. ತಪ್ಪು ಎಂದು ಅವರಿಗೂ ಗೊತ್ತು. ಬೈಕ್ ಜಾರಿ ಬೀಳುವುದನ್ನು ಅವರೂ ನೋಡಿದ್ದಾರೆ.

ಕಾರಿಗೆ ಯಾಕೆ ಬೆಂಕಿ? ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಈಗಿನ ಕಾರುಗಳಲ್ಲಿ ಇರುತ್ತದೆ. ಅದೂ ಅದರ ಪೈಪೂ ಓಡುವಾಗ ನೂರಾರು ಡಿಗ್ರಿ ಕಾದಿರುತ್ತವೆ. ಹುರುಳಿ ಬಳ್ಳಿ ನಾರು. ಅಚ್ಚಿಗೆ ಸುತ್ತಿ, ಪೈಪಿಗೆ ತಗುಲಿ, ಗಾಳಿ ಆಡಿದರೆ ಹೊತ್ತಿಕೊಳ್ಳುತ್ತದೆ. ಹಿಮದ ದೇಶದವರು ಬರೆದ ಪಟ್ಟಿಯಲ್ಲಿ ಇದು ಬರಲು ಸಾಧ್ಯವಿಲ್ಲ. ಇದನ್ನು ನಾವೇ ಬರೆಯಬೇಕು.

ನಮ್ಮ ಪಟ್ಟಿ

ಆದ್ದರಿಂದ ಮಾಗಿಗೆ ಮುಂಚೆ ನಮ್ಮ ಸೀಮೆಯ ಕಾರಿಗೆ ಇಷ್ಟು ಮಾಡಿ.

ಬ್ಯಾಟರಿ ತುದಿಯ ಬಿಳಿ ಪುಡಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಿ. ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ, ಹಳೆಯದು ಮಾಗಿಯಲ್ಲೇ ಕೈಕೊಡುತ್ತದೆ.

ಟೈರಿನ ಗಾಳಿಯನ್ನು ಬೆಳಗ್ಗೆ, ಗಾಡಿ ಓಡುವ ಮುಂಚೆ ನೋಡಿಸಿ. ಹವೆ 10 ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ ಕಡಿಮೆಯಾಗುತ್ತದೆ. ಟೈರಿನ ಗೀರುಗಳ ನಡುವೆ 1.6 ಮಿ.ಮೀ. ಎತ್ತರದ ಸಣ್ಣ ಉಬ್ಬು ಇರುತ್ತದೆ. ಟೈರು ಅದರ ಮಟ್ಟಕ್ಕೆ ಸವೆದಿದ್ದರೆ ಬದಲಿಸಿ.

ಕೂಲಂಟ್ ತುಂಬಿಸಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ.

ಮಂಜಿನಲ್ಲಿ ಡಿಮ್ ಹಾಕಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ಕೆಟ್ಟು ನಿಂತಾಗ ಹಾಕಿ.

ಬೆಟ್ಟದಲ್ಲಿ ಚಳಿ ಎಂದು ಗಾಜು ಏರಿಸಿ, ಎಂಜಿನ್ ಆನ್ ಮಾಡಿ, ಕಾರಿನಲ್ಲಿ ಮಲಗಬೇಡಿ. ಇದ್ದಿಲು ಬಸ್ಸನ್ನು ಓಡಿಸುತ್ತಿದ್ದ ಆ ಗ್ಯಾಸ್, ಕಾರ್ಬನ್ ಮಾನಾಕ್ಸೈಡ್, ನಿದ್ದೆಯಲ್ಲೇ ಕೊಲ್ಲುತ್ತದೆ. ಅದಕ್ಕೆ ವಾಸನೆ ಇಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ತಟ್ಟಿ. ಬೆಚ್ಚಗಿದೆ ಎಂದು ಬೆಕ್ಕು, ಹಾವು, ಇಲಿ ಸೇರಿಕೊಂಡಿರುತ್ತವೆ.

ಕಣ ಸಿಕ್ಕರೆ ಅಂಚಿನಲ್ಲಿ ದಾರಿ ಇದೆಯೇ ನೋಡಿ, ಇಲ್ಲದಿದ್ದರೆ ನಿಧಾನವಾಗಿ ದಾಟಿ. ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ. ಸೊಪ್ಪೆ ಮೇಲೆ ಗಾಡಿ ನಿಲ್ಲಿಸಲೇಬೇಡಿ.

ಇದು ಗಾಡಿ ಇದ್ದವರ ಪಾಲು. ಊರಿನ ಪಾಲೂ ಇದೆ. ನರೇಗಾದಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳು ರಾಜ್ಯದಲ್ಲಿವೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನಮ್ಮ ಊರಿಗೂ ಊರೊಟ್ಟಿನ ಕಣ ಬೇಕು ಎಂದು ಕೇಳಿ, ನಡವಳಿಯಲ್ಲಿ ಬರೆಸಿ. ಟ್ರ್ಯಾಕ್ಟರ್ ಇರುವ ಅಣ್ಣಂದಿರೇ, ಟ್ರೇಲರ್ ಹಿಂದೆ ಪಟ್ಟಿ ಅಂಟಿಸಿ. ನಿಮ್ಮ ತಾತ ಲಾಟೀನು ಕಟ್ಟದೆ ಗಾಡಿ ಹೂಡಲಿಲ್ಲ.

ನನ್ನ ಕಾರಿನ ಡಿಕ್ಕಿಯಲ್ಲಿ ಈಗ ಒಂದು ಟಾರ್ಚು, ಒಣ ಬಟ್ಟೆ, ಐದು ಲೀಟರ್ ನೀರಿನ ಕ್ಯಾನು, ಒಂದು ಕುಡುಗೋಲು ಇವೆ. ಕುಡುಗೋಲು ಆ ಅಕ್ಕನದೇ. ಬಳ್ಳಿ ಕೊಯ್ದು ಮುಗಿದ ಮೇಲೆ ವಾಪಸ್ ಕೊಡಲು ಹೋದೆ. "ಮಡಿಕ ಬುಡಪ್ಪ, ಮುಂದ್ಲೂರ್ಲೂ ಹುಳ್ಳಿ ಹಾಕವ್ರ" ಅಂದರು.